ಒಂದು ಪೆನ್ನಿಗೆ ಒಬ್ಬ ರಾಕ್ಷಸ

ಹದಿನೆಂಟನೇ ಶತಮಾನದ ಇಂಗ್ಲೆಂಡಲ್ಲಿ ಬೀದಿ ಹಾಡು ಪ್ರಿಂಟ್ ಮಾಡಿ ಮಾರೋರ ಹತ್ರ ಮರದಲ್ಲಿ ಕೆತ್ತಿದ ಒಂದಷ್ಟು ಹಳೇ ಚಿತ್ರದ ಅಚ್ಚು ಇರ್ತಿದ್ವು. ಟೋಪಿ ಹಾಕ್ಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತಿರೋ ಗಂಡಸೊಬ್ಬ ಈ ವಾರ ಮೋಸಹೋದ ಪ್ರೇಮಿ, ಮುಂದಿನ ವಾರ ದರೋಡೆಕೋರ, ಆಮೇಲೆ ಬೇಕಾದ್ರೆ ರಾಜ. ಮೈಮೇಲಿರೋದು ತಾತನ ಕಾಲದ ಬಟ್ಟೆ, ಅಚ್ಚಿಗೆ ಹುಳ ಬಿದ್ದು ಮುಖದ ತುಂಬಾ ಬಿಳೀ ಚುಕ್ಕೆ, ಆದ್ರೂ ಅವನಿಗೆ ರಿಟೈರ್ಮೆಂಟ್ ಇಲ್ಲ. ನನಗಂತೂ ಈ ನಾಚಿಕೆ ಬಿಟ್ಟ ಉಳಿತಾಯ ಭಾರೀ ಇಷ್ಟ.

ರಾಗದ ಕಥೆನೂ ಅಷ್ಟೇ. ಹಾಳೆ ಮೇಲೆ ಸ್ವರ ಗಿರ ಏನೂ ಹಾಕ್ತಿರಲಿಲ್ಲ, ಇಂಥ ಹಾಡಿನ ಮಟ್ಟು ಅಂತ ಒಂದು ಸಾಲು ಬರೆದ್ರೆ ಮುಗೀತು, ಮಟ್ಟು ಎಲ್ಲರಿಗೂ ಬಾಯಿಪಾಠ. ಜಾನ್ ಗೇ 1728ರಲ್ಲಿ 'ಬೆಗರ್ಸ್ ಆಪೆರಾ' ಅನ್ನೋ ಹಾಡಿನ ನಾಟಕ ಬರೆದಾಗ ಮಾಡಿದ್ದೂ ಇದನ್ನೇ, 69 ಹಾಡಿಗೂ ಜನಕ್ಕೆ ಗೊತ್ತಿದ್ದ ಮಟ್ಟು ಹಾಕಿದ, ಲಂಡನ್ನು ಮುಗಿಬಿದ್ದು ನೋಡ್ತು. ಅದಕ್ಕೂ ಮುಂಚೆ 1711ರಲ್ಲಿ ಅಡಿಸನ್ ಅನ್ನೋ ದೊಡ್ಡ ಮನುಷ್ಯ ತನ್ನ 'ಸ್ಪೆಕ್ಟೇಟರ್' ಪತ್ರಿಕೇಲಿ 'ಚೆವಿ ಚೇಸ್' ಅನ್ನೋ ಹಳೇ ಯುದ್ಧದ ಹಾಡನ್ನ ಹೊಗಳಿ, ರೋಮಿನ ಮಹಾಕವಿ ವರ್ಜಿಲ್ ಪಕ್ಕದಲ್ಲಿ ತಂದು ಕೂರಿಸಿದ್ದ. ಓದಿದೋರು ಬಿಡ್ತಾರಾ? ಅದೇ ವರ್ಷ ಇನ್ನೊಬ್ಬ ಲೇಖಕ, ಹೆಬ್ಬೆರಳುದ್ದದ ಟಾಮ್ ಥಂಬ್ ಅನ್ನೋ ಪುಟಾಣಿಯ ಕಥೆಗೆ ಅಷ್ಟೇ ಗಂಭೀರವಾಗಿ ವ್ಯಾಖ್ಯಾನ ಬರೆದು ಅಡಿಸನ್ನನ ಕಾಲೆಳೆದ. ನನ್ನ ಕೇಳಿದ್ರೆ ಇಬ್ಬರೂ ಸರೀನೇ.

ಎಲ್ಲಕ್ಕಿಂತ ಮಜಾ ಅಂದ್ರೆ ನೇಣಿಗೆ ಹೋಗೋನ 'ಕೊನೇ ಮಾತು'. ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲು ಅಂದ್ರೆ ಜಾತ್ರೆ, ಅಲ್ಲಿ ಅಪರಾಧಿಯ ಜೀವನಚರಿತ್ರೆ, ಪಶ್ಚಾತ್ತಾಪ, ಕಡೆಗೆ ಒಂದು ಪದ್ಯ, ಎಲ್ಲಾ ಒಂದೇ ಹಾಳೇಲಿ ಮಾರಾಟಕ್ಕೆ. ಹೊಗಾರ್ತ್ ಅನ್ನೋ ಚಿತ್ರಗಾರ 1747ರಲ್ಲಿ ಮಾಡಿದ ಒಂದು ಚಿತ್ರದಲ್ಲಿ ಗಲ್ಲಿಗೆ ಹೋಗೋ ಸೋಮಾರಿ ಹುಡುಗನೊಬ್ಬ ಇನ್ನೂ ಗಾಡೀಲಿ ಗಲ್ಲಿನ ಕಡೆ ಹೋಗ್ತಾನೇ ಇದಾನೆ, ಮುಂದುಗಡೆ ಹೆಂಗಸೊಬ್ಬಳು ಆಗಲೇ ಅವನ ಕೊನೇ ಮಾತಿನ ಹಾಳೆ ಹಿಡಿದು ಬಾಯಿ ದೊಡ್ಡದು ಮಾಡಿ ಕೂಗ್ತಿದಾಳೆ, ಅಂದ್ರೆ ಅವನು ಬಾಯಿ ಬಿಡೋಕೆ ಮುಂಚೆನೇ ಅವನು ಏನು ಹೇಳಿದ ಅಂತ ಪ್ರಿಂಟ್ ಆಗಿದೆ. ಪಾಪ, ಅಷ್ಟಾದ ಮೇಲೆ ಅವನು ಬೇರೆ ಏನಾದ್ರೂ ಹೇಳಿದ್ರೂ ಯಾರು ಕೇಳ್ತಾರೆ.

ಹಳ್ಳಿ ಕಡೆಗೆ ಇದನ್ನೆಲ್ಲ ಹೊತ್ಕೊಂಡು ಹೋಗ್ತಿದ್ದೋರು ತಿರುಗಾಟದ ವ್ಯಾಪಾರಿಗಳು, ಸೂಜಿ ದಾರ ರಿಬ್ಬನ್ ಜೊತೆ ಕಥೆನೂ. ಒಂದು ಹಾಳೆ ಮಡಚಿ 24 ಪುಟದ ಪುಟಾಣಿ ಪುಸ್ತಕ, ಸಾಮಾನ್ಯವಾಗಿ ಒಂದು ಪೆನ್ನಿ. ರಾಬಿನ್ಸನ್ ಕ್ರೂಸೋ ದ್ವೀಪದಲ್ಲಿ ಕಳೆದ 28 ವರ್ಷನೂ ಅಷ್ಟರೊಳಗೇ ಮುಗೀಬೇಕು, ವರ್ಷಕ್ಕೆ ಒಂದು ಪುಟನೂ ಸಿಗಲ್ಲ! ಡೈಸಿ ಅನ್ನೋ ಮನೆತನ ಇದರಲ್ಲಿ ಎತ್ತಿದ ಕೈ. ನಾರ್ಥಾಂಪ್ಟನ್‌ನಲ್ಲಿ 1720ರಿಂದ ಪೇಪರ್ ನಡೆಸ್ತಿದ್ರು, ಲಂಡನ್ನಲ್ಲಿ ಪ್ರೆಸ್ಸು, ಜೊತೆಗೆ ಡಾಕ್ಟರ್ ಬೇಟ್‌ಮನ್ ಹೆಸರಿನ ಎದೆ ಕಾಯಿಲೆಯ ಹನಿ ಔಷಧಿನೂ ಮಾರ್ತಿದ್ರು. ನ್ಯೂಸು, ಔಷಧಿ, ರಾಕ್ಷಸನ ಕಥೆ ಎಲ್ಲಾ ಒಂದೇ ಅಂಗಡಿ ಮಾಲು. ಕೆಮ್ಮಿಗೆ ಯಾವುದು ಜಾಸ್ತಿ ಕೆಲಸ ಮಾಡ್ತೋ.

ಓದಿ ಮುಗಿದ ಹಾಡು ಗೋಡೆಗೆ ಅಂಟ್ತಿತ್ತು, ಇಲ್ಲಾ ತಿಂಡಿ ಕಟ್ಟೋಕೆ, ಪೆಟ್ಟಿಗೆ ಒಳಗೆ ಹಾಸೋಕೆ ಹೋಗ್ತಿತ್ತು. ಇದನ್ನೆಲ್ಲ ಓದಿ ಬಡವರು ಕೆಟ್ಟುಹೋಗ್ತಾರೆ ಅಂತ ಹ್ಯಾನಾ ಮೋರ್ ಅನ್ನೋ ಮಹಾತಾಯಿ 1795ರಲ್ಲಿ ಅದೇ ಥರದ ಚಿತ್ರ, ಅದೇ ಅಗ್ಗದ ರೇಟು ಇಟ್ಟು ಒಳಗಡೆ ಮಾತ್ರ ನೀತಿಪಾಠ ತುಂಬಿ ಬಿಟ್ಟಳು. ವರ್ಷದಲ್ಲಿ ಲಕ್ಷಗಟ್ಲೆ ಹೋಯ್ತು, ಆದ್ರೆ ಅದರಲ್ಲಿ ಎಷ್ಟೋ ಭಾಗ ಕೊಂಡಿದ್ದು ದುಡ್ಡಿದ್ದೋರು, ಬಡವರಿಗೆ ಹಂಚೋಕೆ.

ದುಡ್ಡಿದ್ದೋರಲ್ಲಿ ನನಗೆ ಇಷ್ಟ ಆಗೋನು ಬಾಸ್ವೆಲ್ ಅನ್ನೋ ಲೇಖಕ. 1763ರ ಜುಲೈಲಿ, 22ರ ಹುಡುಗ, ಚಿಕ್ಕಂದಿನಲ್ಲಿ ಓದಿದ ಜ್ಯಾಕ್ ಮತ್ತು ರಾಕ್ಷಸರ ಕಥೆ ನೆನಪಾಗಿ ನೇರ ಡೈಸಿ ಪ್ರೆಸ್ಸಿಗೇ ಹೋಗಿ ಎರಡು ಡಜನ್ ಪುಸ್ತಕ ತಗೊಂಡು ಬೈಂಡ್ ಮಾಡಿಸಿ ಇಟ್ಕೊಂಡ. ತಾನೂ ಒಂದು ದಿನ ಇಂಥದ್ದೊಂದು ಬರೀಬೇಕು, ಆದ್ರೆ ಅದು ಸುಲಭ ಅಲ್ಲ, ಸರಳವಾಗಿ ಬರೆಯೋಕೆ ಬರಬೇಕು, ಜನಸಾಮಾನ್ಯರನ್ನ ಚೆನ್ನಾಗಿ ಅರಿತಿರಬೇಕು ಅಂತ ಬರ್ಕೊಂಡಿದಾನೆ. ಆ ಪೆನ್ನಿ ಪುಸ್ತಕ ಕಡೆಗೂ ಬರಲಿಲ್ಲ, 1791ರಲ್ಲಿ ಬಂದಿದ್ದು ಡಾಕ್ಟರ್ ಜಾನ್ಸನ್ ಅನ್ನೋ ದೊಡ್ಡ ವಿದ್ವಾಂಸರ ಜೀವನಚರಿತ್ರೆ, ಎರಡು ದಪ್ಪ ಸಂಪುಟ, ಬೆಲೆ ಎರಡು ಗಿನಿ, ಒಂದು ಗಿನಿ ಅಂದ್ರೆ 252 ಪೆನ್ನಿ. ಅಷ್ಟು ದುಡ್ಡಿಗೆ ಪೆನ್ನಿ ಲೆಕ್ಕದಲ್ಲಿ 504 ಜ್ಯಾಕ್ ಕಥೆ ಬರ್ತಿತ್ತು.