ನಮ್ಮ ಕಡೆ ಎಲ್ಲಾ ಸರಿ ಇದೆ

ಸ್ಟೋರೇಜ್ ಸರ್ವರ್ ಕೊಂಡರೆ ಹಿಂಭಾಗದಲ್ಲಿ ನಾಲ್ಕು ನೆಟ್‌ವರ್ಕ್ ಪೋರ್ಟ್ ಬರುತ್ತವೆ. ಒಂದಕ್ಕೆ ಕೇಬಲ್ ಚುಚ್ಚಿದರೆ ಕೆಲಸ ನಡೆಯುತ್ತದೆ. ಉಳಿದ ಮೂರು ಬಾಯಿ ತೆರೆದುಕೊಂಡು ಸುಮ್ಮನೆ ಕೂತಿರುತ್ತವೆ. ಹಾಗೆ ಸುಮ್ಮನೆ ಕೂತವರನ್ನು ಕಂಡರೆ ಸಹಿಸದ ಮ್ಯಾನೇಜರ್ ಒಬ್ಬರು ಪ್ರತಿ ಕಚೇರಿಯಲ್ಲೂ ಇರುತ್ತಾರೆ.

ನಮ್ಮಲ್ಲಿ ನಾಲ್ಕು ಜನ ವಿಡಿಯೊ ಎಡಿಟರ್‌ಗಳು. ಒಬ್ಬೊಬ್ಬರ ಫೈಲೂ ಆನೆ ಗಾತ್ರದ್ದು, ಎಲ್ಲವೂ ಆ ಒಂದು ಸರ್ವರ್‌ನಲ್ಲಿ. ಒಂದು ಗಿಗಾಬಿಟ್ ಲಿಂಕ್ ಎಂದರೆ ಕಾಗದದ ಮೇಲೆ ಸೆಕೆಂಡಿಗೆ 125 ಮೆಗಾಬೈಟ್. ಕಾಣಿಕೆ ಕಪ್ಪ ಎಲ್ಲ ಕಳೆದು ಕೈಗೆ ಸಿಗುವುದು 110ರ ಆಸುಪಾಸು. ನಾಲ್ವರೂ ಒಟ್ಟಿಗೆ ಎಳೆದರೆ ತಲಾ 27. ಮ್ಯಾನೇಜರ್ ಕ್ಯಾಲ್ಕುಲೇಟರ್ ತೆಗೆದು 110ನ್ನು 4ರಿಂದ ಗುಣಿಸಿದರು. ಬಂದ ಉತ್ತರ ಅವರಿಗೆ ಎಷ್ಟು ಹಿಡಿಸಿತೆಂದರೆ, ಮತ್ತೊಮ್ಮೆ ಗುಣಿಸಿ ನೋಡಿದರು. ಅದೇ ಬಂತು. ನಾಲ್ಕೂ ಕೇಬಲ್ ಸೇರಿಸಿ ಒಂದೇ ಲಿಂಕ್ ಮಾಡುವ ಕೆಲಸ ನನ್ನ ತಲೆಗೆ ಬಂತು.

ಇದೇನೂ ಹೊಸ ಆಸೆಯಲ್ಲ. 1990ರ ದಶಕದ ಆರಂಭದಲ್ಲೇ ಕಲ್ಪನಾ ಎಂಬ ಕಂಪನಿ ಹೀಗೆ ಕೇಬಲ್‌ಗಳನ್ನು ಒಟ್ಟುಗೂಡಿಸುವ ಈಥರ್‌ಚಾನೆಲ್ ತಂದಿತ್ತು. 1994ರಲ್ಲಿ ಆ ಕಂಪನಿಯನ್ನೇ ಸಿಸ್ಕೋ ಕೊಂಡುಕೊಂಡಿತು. 2000ದಲ್ಲಿ 802.3ಎಡಿ ಎಂಬ ಹೆಸರಲ್ಲಿ ಎಲ್ಲರಿಗೂ ಒಂದೇ ನಿಯಮ ಬಂತು. ಅಂದರೆ ನಾನು ಕೈ ಹಾಕುವ ಹೊತ್ತಿಗೆ, ಈ ವಿದ್ಯೆಯಲ್ಲಿ ಎಡವಬಹುದಾದ ಎಲ್ಲ ಕಡೆಯೂ ಯಾರೋ ಒಬ್ಬರು ಆಗಲೇ ಎಡವಿ ಬರೆದಿಟ್ಟಿದ್ದರು. ಓದುವವರಿಗೆ ಮಾತ್ರ ಬರ.

ಕಷ್ಟ ಇರುವುದು ಬೇರೆ ಕಡೆ. ಲಿಂಕ್‌ಗೆ ಎರಡು ತುದಿ. ಸರ್ವರ್ ತುದಿ ನನ್ನದು. ಎಲ್ಲರ ಕೇಬಲ್ ಬಂದು ಸೇರುವ ಪೆಟ್ಟಿಗೆ ಸ್ವಿಚ್, ಆ ತುದಿ ನೆಟ್‌ವರ್ಕ್ ವಿಭಾಗದ್ದು. ಅವರು ಫೋನಿನಲ್ಲಿ ಮಾತ್ರ ಅಸ್ತಿತ್ವದಲ್ಲಿರುವ ಜನ. ನಾನು ಸರ್ವರ್‌ನಲ್ಲಿ ಬಾಂಡ್ ಮಾಡಿ (ಹಲವು ಪೋರ್ಟ್ ಸೇರಿಸಿ ಒಂದೇ ಎಂದು ತೋರಿಸುವ ಏರ್ಪಾಡು), ಅದರ ಬಗೆಗಳಲ್ಲಿ 802.3ಎಡಿ ನಿಯಮದ ಮೋಡ್ 4 ಇಟ್ಟು, ಅವರಿಗೆ "ನಾಲ್ಕು ಪೋರ್ಟ್ ಸೇರಿಸಿಬಿಡಿ" ಎಂದೆ. ಐದು ನಿಮಿಷದಲ್ಲಿ "ಸೇರಿಸಾಯ್ತು" ಎಂದರು. ನಾಲ್ಕೂ ಪೋರ್ಟಿನ ದೀಪ ಮಿಣಮಿಣ ಎಂದವು. ನನ್ನ ಕಂಪ್ಯೂಟರ್‌ನಿಂದ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಎಂದು ಸರ್ವರನ್ನು ಕೂಗಿ ನೋಡಿದೆ, ಉತ್ತರ ಬಂತು. ಅಷ್ಟರಲ್ಲಿ ಎಡಿಟರ್‌ಗಳ ಕೋಣೆಯಿಂದ ಗದ್ದಲ. ನಾಲ್ವರಿಗೂ ಸರ್ವರ್ ಮಾಯ. ನನ್ನ ಪಕ್ಕದ ಮೇಜಿನವನಿಗೂ ಮಾಯ. ನನಗೆ ಮಾತ್ರ ದರ್ಶನ. ಆ ಕ್ಷಣದಲ್ಲಿ ನನ್ನ ಬಾಯಿಂದಲೂ ಹೊರಟಿತು ಆ ಮಾತು: "ನನ್ನ ಕಡೆ ಸರಿ ಇದೆಯಲ್ಲ!"

ಫೋನ್ ಮಾಡಿದೆ. ಆ ಕಡೆಯಿಂದ ನಿರಾಳ ದನಿ: "ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್. ನಾಲ್ಕೂ ಅಪ್."

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಹಾಕಿದ್ದು ಸ್ಟ್ಯಾಟಿಕ್ ಗುಂಪು. ಸ್ಟ್ಯಾಟಿಕ್ ಎಂದರೆ ಆಚೆ ತುದಿಯಲ್ಲಿ ಯಾರಿದ್ದಾರೆ, ಏನಂದುಕೊಂಡಿದ್ದಾರೆ ಎಂದು ವಿಚಾರಿಸುವ ಗೋಜೇ ಇಲ್ಲ. ದೀಪ ಉರಿದರೆ ಲಿಂಕ್ ತನ್ನದು. ಸರ್ವರ್‌ನ ಮೋಡ್ 4 ಹಾಗಲ್ಲ, ಅದಕ್ಕೆ ಎಲ್‌ಎಸಿಪಿ ಬೇಕು, ಅಂದರೆ ಎರಡೂ ತುದಿ ಮಾತಾಡಿಕೊಂಡು ಗುಂಪು ಕಟ್ಟುವ ಪದ್ಧತಿ. ಪ್ರತಿ ಕೇಬಲ್‌ನಲ್ಲೂ ತಾನು ಯಾರು ಎಂದು ಚೀಟಿ ಕಳಿಸುತ್ತದೆ, ಆಚೆಯಿಂದಲೂ ಚೀಟಿ ಬರಲಿ ಎಂದು ಕಾಯುತ್ತದೆ. ಬರದಿದ್ದರೆ ಒಂದು ಪೋರ್ಟ್ ಮಾತ್ರ ಇಟ್ಟುಕೊಂಡು ಉಳಿದ ಮೂರಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ. ಸ್ವಿಚ್ ಪಾಪ ನಾಲ್ಕಕ್ಕೂ ಹಂಚಿ ಸುರಿಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ನನ್ನ ಅದೃಷ್ಟಕ್ಕೆ ನನ್ನ ಪ್ಯಾಕೆಟ್‌ಗಳು (ಕೇಬಲ್‌ನಲ್ಲಿ ಹೋಗುವ ಮಾಹಿತಿಯ ತುಣುಕುಗಳು) ಕಿವಿ ತೆರೆದಿದ್ದ ಪೋರ್ಟಿಗೆ ಬೀಳುತ್ತಿದ್ದವು. ಎಡಿಟರ್‌ಗಳದ್ದು ಕಿವುಡು ಪೋರ್ಟಿಗೆ.

ನಮ್ಮ ಸರ್ವರ್ ಓಡುವ ಲಿನಕ್ಸ್‌ನಲ್ಲಿ ಬಾಂಡ್‌ನ ಸ್ಥಿತಿ ಹೇಳುವ ಪುಟ್ಟ ಫೈಲ್ ಒಂದಿದೆ. ಅದರಲ್ಲಿ ಆಚೆ ತುದಿಯ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಇರಬೇಕಾದ ಜಾಗದಲ್ಲಿ ಬರೀ ಸೊನ್ನೆ, ಸಾಲು ಸಾಲಾಗಿ ಹನ್ನೆರಡು ಸೊನ್ನೆ. "ನಾನು ಮಾತಾಡುತ್ತಿದ್ದೇನೆ, ಕೇಳುವವರಿಲ್ಲ" ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಂತ್ರಕ್ಕೆ ಸಾಧ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿದ್ಯೆಯಲ್ಲಿ ನಂಬಬೇಕಾದದ್ದು ಅದೊಂದನ್ನೇ. ಪೋರ್ಟಿನ ದೀಪಗಳನ್ನು ನಂಬಬಾರದು. ಅವು ಎಲ್ಲದಕ್ಕೂ ಹೂಂಗುಟ್ಟುತ್ತವೆ.

ಮತ್ತೆ ಫೋನ್. ಈ ಸಲ ಎಲ್‌ಎಸಿಪಿ ಹಾಕಿದರು, ಆದರೆ ಪ್ಯಾಸಿವ್. ಪ್ಯಾಸಿವ್ ಎಂದರೆ ಮಾತಾಡಿಸಿದರೆ ಮಾತ್ರ ಮಾತಾಡುತ್ತೇನೆ ಎಂಬ ಗತ್ತು. ಎರಡೂ ತುದಿ ಹೀಗೆ ಕೂತರೆ ಪ್ರಳಯದವರೆಗೂ ಗುಂಪು ಕೂಡುವುದಿಲ್ಲ. ಸದ್ಯ, ಲಿನಕ್ಸ್‌ನದು ತಾನಾಗಿ ಮಾತಿಗೆಳೆಯುವ ಸ್ವಭಾವ. ನಿಧಾನ ಲೆಕ್ಕದಲ್ಲಿ 30 ಸೆಕೆಂಡಿಗೊಂದು ಚೀಟಿ, 90 ಸೆಕೆಂಡು ಸುದ್ದಿಯಿಲ್ಲದಿದ್ದರೆ ಸಂಬಂಧ ಕಡಿತ. ಅವಸರದ ಲೆಕ್ಕದಲ್ಲಿ ಸೆಕೆಂಡಿಗೊಂದು, ಮೂರು ಸೆಕೆಂಡಿಗೆ ಕಡಿತ. ಸೊನ್ನೆಗಳ ಜಾಗದಲ್ಲಿ ನಿಜವಾದ ವಿಳಾಸ ಮೂಡಿತು. ಎಡಿಟರ್‌ಗಳಿಗೆ ಸರ್ವರ್ ಮರಳಿ ಸಿಕ್ಕಿತು. ಯಾರೂ ಧನ್ಯವಾದ ಹೇಳಲಿಲ್ಲ. ಮೊದಲು ಇದ್ದದ್ದೇ ತಾನೆ ವಾಪಸ್ ಬಂದದ್ದು.

ಫೈಲ್ ಇನ್ನೊಮ್ಮೆ ನೋಡಿದರೆ ಮೂರು ಪೋರ್ಟ್ ಒಂದು ಗುಂಪಿನಲ್ಲಿ, ನಾಲ್ಕನೆಯದು ಬೇರೆ ಮನೆ ಮಾಡಿಕೊಂಡಿದೆ. ಅದರ ವೇಗ 100 ಮೆಗಾಬಿಟ್. ವೇಗ ಸಮ ಇಲ್ಲದವರನ್ನು ಗುಂಪಿಗೆ ಸೇರಿಸಿಕೊಳ್ಳುವಂತಿಲ್ಲ, ನಿಯಮ. ಗಿಗಾಬಿಟ್‌ಗೆ ಕೇಬಲ್ಲಿನೊಳಗಿನ ನಾಲ್ಕು ಜೋಡಿ ತಂತಿಯೂ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಹಾಗಾಗಿ ಉಳಿದೆರಡು ಜೋಡಿಯಲ್ಲಿ ಎಲ್ಲೋ ಒಂದು ತಂತಿ ತುಂಡಾದರೆ ಲಿಂಕ್ ಸಾಮಾನ್ಯವಾಗಿ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಬದುಕುತ್ತದೆ. ಕೇಬಲ್ ಬದಲಿಸಿದರೆ ಮುಗಿಯಿತು. ಬದಲಿಸಲು ಹೋದರೆ ಅದರ ಮೇಲೊಂದು ಚೀಟಿ: "ದಯವಿಟ್ಟು ಇದನ್ನು ಮುಟ್ಟಬೇಡಿ."

ಯಾರು ಅಂಟಿಸಿದ್ದು? ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಆ ಚೀಟಿಗೆ ಎಲ್ಲಿಲ್ಲದ ಗಾಂಭೀರ್ಯ ಬಂದಿತ್ತು. ಎರಡು ತುದಿಯೂ ನಮ್ಮ ಕಣ್ಣೆದುರೇ ಇವೆ, ಒಂದು ಸರ್ವರ್‌ನಲ್ಲಿ ಮತ್ತೊಂದು ಸ್ವಿಚ್‌ನಲ್ಲಿ, ನಡುವೆ ಮೂರು ಮಾರು ಕೇಬಲ್ ಬಿಟ್ಟರೆ ಇನ್ನೇನೂ ಇಲ್ಲ ಎಂದು ಎಷ್ಟು ಹೇಳಿದರೂ ಮ್ಯಾನೇಜರ್ ಒಪ್ಪಲಿಲ್ಲ. "ಬರೆದವರಿಗೆ ಏನೋ ಗೊತ್ತಿರುತ್ತದೆ" ಎಂದರು. ಇಮೇಲ್ ಹೋಯಿತು, ಸಭೆ ನಡೆಯಿತು, ಯಾರೂ ಹಕ್ಕು ಸಾಧಿಸಲಿಲ್ಲ. ಕೊನೆಗೆ ಹಳೆ ಕೇಬಲ್ ತೆಗೆಯಲು ಅನುಮತಿ ಸಿಕ್ಕಿತು, ಚೀಟಿಯನ್ನು ಜೋಪಾನವಾಗಿ ಕಿತ್ತು ಹೊಸ ಕೇಬಲ್‌ಗೆ ಅಂಟಿಸಬೇಕು ಎಂಬ ಷರತ್ತಿನೊಂದಿಗೆ.

ಈಗ ನಾಲ್ಕೂ ಲಿಂಕ್ ಒಂದೇ ಗುಂಪಿನಲ್ಲಿ. ನಾಲ್ವರೂ ಎಡಿಟರ್‌ಗಳು ಒಟ್ಟಿಗೆ ಫೈಲ್ ಎಳೆದರು. ತಲಾ 27.

ಪೋರ್ಟ್‌ಗಳ ಲೆಕ್ಕ ತೆಗೆದರೆ ಒಂದು ಕೇಬಲ್ ಬೆವರು ಸುರಿಸಿ ದುಡಿಯುತ್ತಿದೆ, ಮೂರು ಆರಾಮಾಗಿವೆ. ಇಲ್ಲಿಂದ ಮುಂದೆ ಮ್ಯಾನೇಜರ್‌ಗೆ ವಿವರಿಸುವುದು ನನ್ನ ಪಾಲಿಗೆ ಕೇಬಲ್ ಎಳೆಯುವುದಕ್ಕಿಂತ ಕಷ್ಟದ ಕೆಲಸವಾಯಿತು. ಒಂದು ಸಂಭಾಷಣೆಯ ಪ್ಯಾಕೆಟ್‌ಗಳನ್ನು ನಾಲ್ಕು ಕೇಬಲ್‌ಗೆ ಹರಿದು ಹಂಚಿದರೆ ಹಿಂದೆ ಹೊರಟದ್ದು ಮುಂದೆ ತಲುಪಬಹುದು, ಕ್ರಮ ಕೆಡುತ್ತದೆ. ಹಾಗಾಗಬಾರದೆಂದು ಒಂದು ಸಂಭಾಷಣೆಯನ್ನು ಒಂದೇ ಕೇಬಲ್‌ಗೆ ಕಟ್ಟಿಹಾಕುತ್ತಾರೆ. ಯಾವ ಕೇಬಲ್? ಅದನ್ನು ತೀರ್ಮಾನಿಸುವುದು ಯಾವುದು ಖಾಲಿ ಇದೆ ಎಂದು ನೋಡಿ ಅಲ್ಲ. ವಿಳಾಸಗಳನ್ನು ತೆಗೆದುಕೊಂಡು ಒಂದು ಪುಟ್ಟ ಲೆಕ್ಕ ಮಾಡಿ, ಕೇಬಲ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷ ಯಾವುದೋ ಆ ಕೇಬಲ್. ಮೊದಲ ಕೇಬಲ್ ಉಸಿರುಗಟ್ಟಿ ಸಾಯುತ್ತಿದ್ದರೂ ಶೇಷ ಸೊನ್ನೆ ಬಂದರೆ ಹೊಸಬನೂ ಅಲ್ಲಿಗೇ.

ಲಿನಕ್ಸ್ ತಾನಾಗಿ ಬಳಸುವುದು ಮ್ಯಾಕ್ ವಿಳಾಸದ ಲೆಕ್ಕ. ನಮ್ಮ ಎಡಿಟರ್‌ಗಳು ಬೇರೆ ವಿಲ್ಯಾನ್‌ನಲ್ಲಿದ್ದಾರೆ, ಅಂದರೆ ಪ್ರತ್ಯೇಕಿಸಿಟ್ಟ ಬೇರೆ ಜಾಲದಲ್ಲಿ; ನಡುವೆ ಎರಡೂ ಜಾಲಗಳಿಗೆ ಸೇತುವೆಯಾಗಿ ರೂಟಿಂಗ್ ಮಾಡುವ ದೊಡ್ಡ ಸ್ವಿಚ್. ಸರ್ವರ್‌ನ ಕಣ್ಣಿಗೆ ನಾಲ್ವರಲ್ಲಿ ಯಾರ ಮ್ಯಾಕ್ ವಿಳಾಸವೂ ಕಾಣುವುದಿಲ್ಲ. ಕಾಣುವುದು ಆ ರೂಟರ್‌ನದೊಂದೇ. ಒಂದೇ ವಿಳಾಸ, ಒಂದೇ ಶೇಷ, ಒಂದೇ ಕೇಬಲ್. ಮೊದಲ ದಿನ ನಾಲ್ವರಿಗೂ ಒಟ್ಟಿಗೇ ಸರ್ವರ್ ಮಾಯವಾದ ಗುಟ್ಟೂ ಆಗ ಬಯಲಾಯಿತು. ಸರ್ವರ್‌ನಲ್ಲಿ ಐಪಿ ವಿಳಾಸ (ಜಾಲದಲ್ಲಿ ಪ್ರತಿ ಕಂಪ್ಯೂಟರ್‌ಗೆ ನಾವು ಕೊಡುವ ಸಂಖ್ಯೆ) ಮತ್ತು ಪೋರ್ಟ್ ಸಂಖ್ಯೆ (ಹಿಂಭಾಗದ ಪೋರ್ಟ್ ಅಲ್ಲ, ಪ್ರತಿ ಸಂಪರ್ಕಕ್ಕೂ ಸಿಗುವ ಅಂಕಿ) ನೋಡುವ ಲೆಕ್ಕಕ್ಕೆ ಬದಲಿಸಿದೆ. ಓದುವಾಗ ವೇಗ ಏರಿತು. ಬರೆಯುವಾಗ ಅದೇ 27.

ಯಾಕೆಂದರೆ ಕಳಿಸುವವನೇ ಕೇಬಲ್ ಆರಿಸುತ್ತಾನೆ. ಸರ್ವರ್‌ನಿಂದ ಹೊರಡುವುದಕ್ಕೆ ನನ್ನ ಲೆಕ್ಕ, ಸರ್ವರ್‌ಗೆ ಬರುವುದಕ್ಕೆ ಸ್ವಿಚ್‌ನ ಲೆಕ್ಕ. ಎರಡೂ ಒಂದೇ ಆಗಿರಬೇಕೆಂದು ಯಾವ ನಿಯಮವೂ ಇಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯುವುದೂ ಇಲ್ಲ. ಫೋನ್ ಮಾಡಿದೆ. "ನಮ್ಮ ಕಡೆ—" ಎಂದು ಶುರುಮಾಡಿದರು. ನಾನೇ ವಾಕ್ಯ ಮುಗಿಸಿದೆ.

ಸ್ವಿಚ್ ಕೂಡ ಐಪಿ ಲೆಕ್ಕಕ್ಕೆ ಬಂತು. ಆದರೂ ನಾಲ್ವರೂ ಒಂದೇ ಕೇಬಲ್! ಇಲ್ಲಿ ತಲೆ ಕೆರೆದುಕೊಂಡದ್ದು ಹೆಚ್ಚು. ಎಡಿಟರ್‌ಗಳ ವಿಳಾಸಗಳ ಕೊನೆಯ ಸಂಖ್ಯೆ 20, 24, 28, 32. ಅಚ್ಚುಕಟ್ಟಾಗಿರಲಿ, ನಡುವೆ ಪ್ರಿಂಟರ್ ಗಿಂಟರ್ ಬಂದರೆ ಜಾಗ ಇರಲಿ ಎಂದು ನಾಲ್ಕು ನಾಲ್ಕು ಬಿಟ್ಟು ಕೊಟ್ಟ ದೂರದೃಷ್ಟಿಯ ಮನುಷ್ಯ ಯಾರೋ. ನಮ್ಮ ಸ್ವಿಚ್ ನೋಡುತ್ತಿದ್ದದ್ದು ವಿಳಾಸದ ಕೊನೆಯ ಎರಡು ಬಿಟ್, ಅಂದರೆ ಅದನ್ನು ಬರೀ ಸೊನ್ನೆ ಒಂದುಗಳಲ್ಲಿ ಬರೆದಾಗಿನ ಕೊನೆಯ ಎರಡು ಅಂಕಿ. ನಾಲ್ಕರ ಮಗ್ಗಿಯಲ್ಲಿ ಬರುವ ಎಲ್ಲ ಸಂಖ್ಯೆಗೂ ಕೊನೆಯ ಎರಡು ಬಿಟ್ ಸೊನ್ನೆ ಸೊನ್ನೆ. ಪ್ರಪಂಚದಲ್ಲಿ ಇಷ್ಟೊಂದು ಸಂಖ್ಯೆಗಳಿರುವಾಗ! ವಿಳಾಸಗಳನ್ನು 21, 22, 23, 24 ಎಂದು ಸಾಲಾಗಿ ಬದಲಿಸಿದ ಮರುಕ್ಷಣ ನಾಲ್ವರೂ ನಾಲ್ಕು ಕೇಬಲ್‌ಗೆ ಹಂಚಿಹೋದರು. ಅಚ್ಚುಕಟ್ಟುತನದ ಬಗ್ಗೆ ನನಗಿದ್ದ ಗೌರವ ಅವತ್ತು ಸ್ವಲ್ಪ ಕಡಿಮೆಯಾಯಿತು.

ಓದುವ ದಿಕ್ಕಿನಲ್ಲಿ ಮಾತ್ರ ಅದೃಷ್ಟದ ಆಟ ಉಳಿಯಿತು. ಪೋರ್ಟ್ ಸಂಖ್ಯೆ ಸೇರಿದ ಲೆಕ್ಕ ಚೀಟಿ ಎತ್ತಿದ ಹಾಗೆಯೇ. ನಾಲ್ಕು ಜನ, ನಾಲ್ಕು ಕೇಬಲ್. ಎಲ್ಲರಿಗೂ ಬೇರೆ ಬೇರೆಯೇ ಬೀಳುವ ಸಾಧ್ಯತೆ 256ರಲ್ಲಿ 24, ಅಂದರೆ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದ ಹೊತ್ತೆಲ್ಲ ಯಾರೋ ಇಬ್ಬರು ಒಂದೇ ಕೇಬಲ್‌ನಲ್ಲಿ ಕಿತ್ತಾಡುತ್ತಿರುತ್ತಾರೆ, ಪಕ್ಕದ್ದು ಖಾಲಿ ಬಿದ್ದಿರುತ್ತದೆ. ಎಡಿಟರ್ ಒಬ್ಬ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಾಗ ವೇಗ ಏರಿದ್ದನ್ನು ಗಮನಿಸಿದ. ಹೊಸ ಸಂಪರ್ಕ, ಹೊಸ ಪೋರ್ಟ್ ಸಂಖ್ಯೆ, ಹೊಸ ಚೀಟಿ. ಸುದ್ದಿ ಹಬ್ಬಿತು. ಈಗ ದೊಡ್ಡ ಕಾಪಿಗೆ ಮುಂಚೆ ಎಲ್ಲರೂ ರೀಸ್ಟಾರ್ಟ್ ಮಾಡುತ್ತಾರೆ; ಒಬ್ಬನಿಗೆ ಎರಡು ಸಲ ಮಾಡಿದರೆ ಇನ್ನೂ ಒಳ್ಳೆಯದೆಂಬ ನಂಬಿಕೆ. ರೀಸ್ಟಾರ್ಟ್‌ಗೆ ಗಣಿತದ ಆಧಾರ ಸಿಕ್ಕಿದ್ದನ್ನು ನಾನು ಜೀವನದಲ್ಲಿ ಕಂಡದ್ದು ಇದೊಂದೇ ಸಲ, ಹಾಗಾಗಿ ತಡೆಯಲು ಮನಸ್ಸಾಗಲಿಲ್ಲ.

ಹಿರಿಯ ಎಡಿಟರ್ ಮಾತ್ರ ರಾತ್ರಿ ಒಬ್ಬನೇ ಕೂತು ಪರೀಕ್ಷೆ ಮಾಡಿ ಬಂದ. "ಯಾರೂ ಇಲ್ಲದಿದ್ದರೂ ನನಗೆ 110ಕ್ಕಿಂತ ಒಂದು ಚೂರೂ ಜಾಸ್ತಿ ಬರಲ್ಲ." ಅವನ ಕಂಪ್ಯೂಟರ್‌ನ ಹಿಂದೆ ಇರುವುದೇ ಒಂದು ಪೋರ್ಟ್ ಎಂದು ತೋರಿಸಿದೆ. ಅವನು ಎಲ್ಲೋ ಓದಿಕೊಂಡು ಬಂದ ಮೋಡ್ 0 ಹಾಕು ಎಂದ. ಮೋಡ್ 0 ಪ್ಯಾಕೆಟ್‌ಗಳನ್ನು ಸರದಿಯಂತೆ ಒಂದೊಂದು ಕೇಬಲ್‌ಗೆ ಒಂದೊಂದು ಎಸೆಯುತ್ತದೆ. ಕ್ರಮ ತಪ್ಪಿ ತಲುಪಿದ್ದನ್ನು ಕಂಡ ಟಿಸಿಪಿ, ಅಂದರೆ ಪ್ಯಾಕೆಟ್‌ಗಳ ಸಾಗಣೆಯ ಲೆಕ್ಕ ಇಡುವ ವ್ಯವಸ್ಥೆ, ಪ್ಯಾಕೆಟ್ ಕಳೆದೇಹೋಯಿತೆಂದು ಗಾಬರಿಬಿದ್ದು ಮತ್ತೆ ಕಳಿಸುತ್ತದೆ, ವೇಗ ತಗ್ಗಿಸುತ್ತದೆ. ಸ್ವಿಚ್‌ನಿಂದ ಬರುವ ದಿಕ್ಕಿಗಂತೂ ಅದರಿಂದ ಏನೂ ಲಾಭವಿಲ್ಲ. ಒಬ್ಬನಿಗೇ ವೇಗ ಬೇಕಿದ್ದರೆ 10 ಗಿಗಾಬಿಟ್‌ನಂಥ ವೇಗದ ಕಾರ್ಡ್ ಹಾಕಿಸಿಕೊಳ್ಳುವುದೇ ನೇರ ದಾರಿ ಎಂದೆ. ಅದನ್ನು ಅವನು ಮ್ಯಾನೇಜರ್ ಹತ್ತಿರ ಹೇಳಿದ. ಮ್ಯಾನೇಜರ್ ನನ್ನನ್ನು ಕರೆಸಿದರು.

"ಹಾಗಾದರೆ ಈ ನಾಲ್ಕು ಕೇಬಲ್‌ನಿಂದ ಆದ ಉಪಯೋಗವಾದರೂ ಏನು?"

ನ್ಯಾಯವಾದ ಪ್ರಶ್ನೆ. ನಾನು ಸರ್ವರ್ ಕೋಣೆಗೆ ಕರೆದೊಯ್ದೆ. ಪರದೆಯ ಮೇಲೆ ಹಿರಿಯ ಎಡಿಟರ್‌ನ ದೊಡ್ಡ ಫೈಲ್ ಕಾಪಿಯಾಗುತ್ತಿತ್ತು. ಅದು ಹರಿಯುತ್ತಿದ್ದ ಕೇಬಲ್ ಯಾವುದೆಂದು ಮೊದಲೇ ನೋಡಿಟ್ಟುಕೊಂಡಿದ್ದೆ. "ಈಗ ನೋಡಿ ಸಾರ್" ಎಂದು ನಾಟಕೀಯವಾಗಿ ಅದನ್ನು ಕಿತ್ತೆ. ಕಾಪಿಯ ಗೆರೆ ಒಂದರೆಕ್ಷಣ ತಡವರಿಸಿತು, ಬೇರೆ ಕೇಬಲ್ ಹಿಡಿಯಿತು, ಏನೂ ಆಗಿಲ್ಲವೆಂಬಂತೆ ಮುಂದೆ ಓಡಿತು. ಎರರ್ ಇಲ್ಲ, ಗದ್ದಲ ಇಲ್ಲ, ಎಡಿಟರ್‌ಗಳ ಕೋಣೆಯಿಂದ ಒಂದು ಸೊಲ್ಲಿಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಕಿತ್ತ ಕೇಬಲ್ ಕೈಯಲ್ಲಿ ಹಿಡಿದು ಅವರ ಕಡೆ ತಿರುಗಿದೆ.

ಮ್ಯಾನೇಜರ್ ಪರದೆ ನೋಡಿದರು, ಕೇಬಲ್ ನೋಡಿದರು, ಸ್ವಲ್ಪ ಹೊತ್ತು ಯೋಚಿಸಿದರು.

"ಅದು ಇಲ್ಲದೆಯೂ ನಡೆಯುತ್ತಿದೆಯಲ್ಲ," ಎಂದರು. "ಹಾಗಾದರೆ ಅದನ್ನು ಸ್ವಾಗತದ ಮೇಜಿನ ಪ್ರಿಂಟರ್‌ಗೆ ಕೊಟ್ಟುಬಿಡಿ. ಅವರು ಕೇಳ್ತಾನೇ ಇದ್ದಾರೆ."