ಬ್ರಾಕೆಟ್ಟಿನೊಳಗಿನ ಬಂದರು

ಹಡಗು ಪ್ರವಾಸದ ಕರಪತ್ರದಲ್ಲಿ ನಿಜ ಹೇಳುವ ಜಾಗ ಒಂದೇ ಒಂದು. ಬ್ರಾಕೆಟ್. ಹೊರಗೆ ದಪ್ಪ ಅಕ್ಷರದಲ್ಲಿ ಇರುವುದು ನಿಮ್ಮ ಆಸೆ, ಒಳಗೆ ಸಣ್ಣ ಅಕ್ಷರದಲ್ಲಿ ಇರುವುದು ಹಡಗಿನ ವಿಳಾಸ. 'ಬ್ಯಾಂಕಾಕ್ (ಲೇಮ್ ಚಬಾಂಗ್)' ಅಂತ ಬರೆದಿದ್ದರೆ ಅದರ ಅರ್ಥ ಇಷ್ಟೇ: ಹಡಗು ಬ್ಯಾಂಕಾಕಿಗೆ ಬರುವುದಿಲ್ಲ, ಬೇಕಿದ್ದರೆ ನೀವೇ ಬನ್ನಿ.

ನಮಗೆ ಈ ವ್ಯಾಕರಣ ತಿಳಿದದ್ದು ಹೋಟೆಲಿಗೆ ದುಡ್ಡು ಕಟ್ಟಿದ ಮೇಲೆ. ಅಕ್ಕ, ಭಾವ, ನನ್ನ ಹೆಂಡತಿ, ನಾನು, ಹೀಗೆ ನಾಲ್ಕು ಜನ ಬ್ಯಾಂಕಾಕಿನಿಂದ ಸಿಂಗಾಪುರಕ್ಕೆ ಹೋಗುವ ಹಡಗಿಗೆ ಟಿಕೆಟ್ ತಗೊಂಡಿದ್ದೆವು. ಯೋಜನಾ ಆಯೋಗದ ಅಧ್ಯಕ್ಷರು ಭಾವ. "ಹಡಗು ಹತ್ತೋ ಮುಂಚೆ ಎರಡು ರಾತ್ರಿ ಬ್ಯಾಂಕಾಕಲ್ಲಿ ಇದ್ದುಬಿಡೋಣ ಕಣಯ್ಯಾ. ಮೂರನೇ ದಿನ ತಿಂಡಿ ಮುಗಿಸಿ ಒಂದು ಟುಕ್‌ಟುಕ್ ಹಿಡಿದರೆ ಬಂದರು" ಅಂದರು. ಬಂದರು ಇರೋದು ಚೊನ್‌ಬುರಿ ಪ್ರಾಂತ್ಯದಲ್ಲಿ, ಪಟ್ಟಾಯದ ಹತ್ತಿರ. ಸುಮಾರು 120 ಕಿಲೋಮೀಟರ್. ಟುಕ್‌ಟುಕ್‌ನಲ್ಲಿ ಖಂಡಿತ ಹೋಗಬಹುದು, ಮುಂದಿನ ವಾರದ ಹಡಗಿಗೆ.

ಬ್ಯಾಂಕಾಕಿಗೆ ಬಂದರೇ ಇಲ್ಲ ಅಂತಲ್ಲ. ಚಾವೊ ಫ್ರಾಯ ನದಿಯ ದಂಡೆಯಲ್ಲಿ ಕ್ಲಾಂಗ್ ತೋಯಿ ಬಂದರು ಇದೆ. ಆದರೆ ಈಗಿನ ಹಡಗು ಅಂದರೆ ಹನ್ನೆರಡು ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಜೊತೆಗೆ ಈಜುಕೊಳ, ನಾಟಕ ಮಂದಿರ, ಮತ್ತೆ ಯಾರೂ ಹೋಗದ ಒಂದು ಗ್ರಂಥಾಲಯ. ಅಷ್ಟು ಭಾರಕ್ಕೆ ನದಿಯ ಆಳ ಸಾಲದು. ಹಾಗಾಗಿ 1991ರಲ್ಲಿ ಶುರುವಾದ ಲೇಮ್ ಚಬಾಂಗ್‌ನ ಆಳದ ಬಂದರೇ ಅವಕ್ಕೆ ಗತಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಅದನ್ನು ಬ್ಯಾಂಕಾಕ್ ಅಂತ ಕರೆದಿದ್ದಾರಲ್ಲ, ತಕರಾರು ಅಲ್ಲಿ. ಪಾಪ, ಆ ಊರಿನ ಪೂರ್ತಿ ಥಾಯ್ ಹೆಸರು 'ಕ್ರುಂಗ್ ಥೇಪ್' ಅಂತ ಶುರುವಾದರೆ ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಸಿಗದಷ್ಟು ಉದ್ದ. ಅಂಥ ಹೆಸರಿಗೂ ಬಾಲದಲ್ಲಿ ಒಂದು ಬ್ರಾಕೆಟ್ ಕಟ್ಟಿದ್ದಾರೆ!

ಬ್ಯಾಂಕಾಕ್ ಒಂದೇ ಆಗಿದ್ದರೆ ಸುಮ್ನಿರಬಹುದಿತ್ತು. ಬೀಜಿಂಗ್ ಅಂದರೆ ತಿಯಾಂಜಿನ್, ರಸ್ತೆಯಲ್ಲಿ ಎರಡೂವರೆ ಮೂರು ಗಂಟೆ. ಹನೋಯ್ ಅಂದರೆ ಹಾ ಲಾಂಗ್, 150 ಕಿಲೋಮೀಟರ್ ಆಚೆ. ಸೋಲ್ ಅಂದರೆ ಇಂಚಿಯಾನ್, ಕೌಲಾಲಂಪುರ ಅಂದರೆ ಪೋರ್ಟ್ ಕ್ಲಾಂಗ್. ಈ ಎರಡೂ ಸ್ವಲ್ಪ ಹತ್ತಿರ, ಜಾಸ್ತಿ ಬೈಯಲು ಮನಸ್ಸು ಬಾರದು. ಕ್ಯೋಟೋದ ಲೆಕ್ಕವೇ ಬೇರೆ. ಮೂರು ಕಡೆ ಬೆಟ್ಟ, ಸಮುದ್ರದ ಸುಳಿವೇ ಇಲ್ಲದ ಊರು. ಅದೂ ಹಡಗಿನ ಪಟ್ಟಿಯಲ್ಲಿ ಒಂದು ನಿಲ್ದಾಣ, ಬ್ರಾಕೆಟ್ಟಿನಲ್ಲಿ ಒಸಾಕಾನೋ ಕೋಬೆನೋ ಇರುತ್ತದೆ. ಇನ್ನೂ ಮೇಲಕ್ಕೆ ಹೋದರೆ 'ಮೌಂಟ್ ಫುಜಿ (ಶಿಮಿಜು)' ಸಿಗುತ್ತದೆ. 3,776 ಮೀಟರ್ ಎತ್ತರದ ಬೆಟ್ಟಕ್ಕೆ ಹಡಗು ಬಿಟ್ಟಿದ್ದಾರೆ ಸ್ವಾಮಿ! ಹೋದ ದಿನ ಮೋಡ ಕವಿದಿದ್ದರೆ ಬೆಟ್ಟವೂ ಕಾಣುವುದಿಲ್ಲ. ಆಗ ಕೈಗೆ ಉಳಿಯೋದು ಬರೀ ಬ್ರಾಕೆಟ್.

ಈ ರೋಗಕ್ಕೆ ವಿಯೆಟ್ನಾಮಿನವರ ಬಳಿ ಒಂದು ಮದ್ದಿದೆ, ಅವರು ಅದನ್ನು ಅರೆದದ್ದು ಬೇರೆ ಕಾರಣಕ್ಕಾದರೂ. ಹೋ ಚಿ ಮಿನ್ ಸಿಟಿ ಅಂತ ಹೇಳಿ ದೊಡ್ಡ ಹಡಗುಗಳು ನಿಲ್ಲುತ್ತಿದ್ದದ್ದು ಫು ಮಿ ಬಂದರಿನಲ್ಲಿ, ಅದು ಪಕ್ಕದ ಬಾ ರಿಯಾ-ವುಂಗ್ ತಾವ್ ಪ್ರಾಂತ್ಯಕ್ಕೆ ಸೇರಿತ್ತು. 2025ರ ಜುಲೈ 1ರಂದು ಅಲ್ಲಿನ ಸರ್ಕಾರ ಆ ಇಡೀ ಪ್ರಾಂತ್ಯವನ್ನೇ ಎತ್ತಿ ಹೋ ಚಿ ಮಿನ್ ಸಿಟಿಯೊಳಗೆ ಸೇರಿಸಿಬಿಟ್ಟಿತು. ಹಡಗು ಒಂದಡಿ ಮುಂದೆ ಬರಲಿಲ್ಲ, ಊರೇ ಎದ್ದು ಬಂದು ಹಡಗಿನ ಪಕ್ಕ ಕೂತಿತು. ಎಷ್ಟೋ ವರ್ಷದ ಸುಳ್ಳು ಒಂದೇ ರಾತ್ರಿಯಲ್ಲಿ ನಿಜವಾಯಿತು. ಬಸ್ಸಿಗೆ ಮಾತ್ರ ಈ ವಿಷಯ ಯಾರೂ ಹೇಳಿದಂತಿಲ್ಲ, ಅದು ಇನ್ನೂ ಒಂದೂವರೆ ಎರಡು ಗಂಟೆ ಓಡುತ್ತಲೇ ಇದೆ.

ಟೋಕಿಯೋದವರಿಗೆ ಊರಲ್ಲೇ ಸಮುದ್ರವಿದೆ. ಅವರು 1991ರಲ್ಲಿ ಹರುಮಿಯಲ್ಲಿ ಚೆಂದದ ಹಡಗು ನಿಲ್ದಾಣ ತೆರೆದರು. 1993ರಲ್ಲಿ ಅದರ ದಾರಿಗೆ ಅಡ್ಡಲಾಗಿ ರೇನ್‌ಬೋ ಬ್ರಿಜ್ ಬಂತು. ಆಮೇಲೆ ಹಡಗುಗಳು ವರ್ಷ ವರ್ಷ ಎತ್ತರ ಬೆಳೆದವು, ಸೇತುವೆ ಎಷ್ಟಿತ್ತೋ ಅಷ್ಟೇ ಉಳಿಯಿತು. ಕೊನೆಗೆ 2020ರಲ್ಲಿ ಸೇತುವೆಯ ಹೊರಗಡೆ ಹೊಸ ನಿಲ್ದಾಣ ತೆರೆಯಬೇಕಾಯಿತು. ಪಕ್ಕದ ಯೊಕೊಹಾಮಾದಲ್ಲೂ ಇದೇ ಗೋಳು. ಬೇ ಬ್ರಿಜ್ ಕೆಳಗೆ ತೂರಲಾಗದ ಹಡಗುಗಳನ್ನು ಡೈಕೋಕು ಧಕ್ಕೆಗೆ ಕಳಿಸುತ್ತಾರೆ, ಅಲ್ಲಿಂದ ಊರಿಗೆ ನಡೆದುಹೋಗುವಂತಿಲ್ಲ, ಬಸ್ಸೇ ಗತಿ. ಊರೊಳಗಿನ ಓಸನ್‌ಬಾಶಿ ಧಕ್ಕೆ ಕಾಣುವ ಹೋಟೆಲ್ ಕೋಣೆಯೇ ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟು ಉಳಿದವರು ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಗೆ ಬಂದರೆ, ಎದುರಿಗೆ ಇನ್ಯಾರದೋ ಹಡಗು.

ಸಿಂಗಾಪುರದಲ್ಲಿ ಬ್ರಾಕೆಟ್ ಇಲ್ಲ, ಊರೇ ಬಂದರು. ಹಾಗಂತ ನೆಮ್ಮದಿಯಾಗಿ ಟ್ಯಾಕ್ಸಿ ಹತ್ತಿದರೆ ಡ್ರೈವರ್ ಕೇಳುತ್ತಾನೆ, ಮರೀನಾ ಬೇನೋ, ಹಾರ್ಬರ್‌ಫ್ರಂಟೋ? ನಿಲ್ದಾಣ ಎರಡಿವೆ. ಹಾಂಗ್‌ಕಾಂಗಿನಲ್ಲೂ ಎರಡು. ಒಂದು ಊರ ನಡುವೆ, ಇನ್ನೊಂದು ಕೈ ತಾಕ್‌ನಲ್ಲಿ, 1998ರಲ್ಲಿ ಮುಚ್ಚಿದ ಹಳೇ ವಿಮಾನ ನಿಲ್ದಾಣದ ರನ್‌ವೇ ತುದಿಯಲ್ಲಿ. ಆ ರನ್‌ವೇಯ ಉದ್ದ ನೋಡಿದರೆ ಸೂಟ್‌ಕೇಸ್ ಎಳೆಯುವವರಿಗೆ ಅನ್ನಿಸುತ್ತದೆ, ವಿಮಾನ ನಿಲ್ಲಿಸಬಾರದಿತ್ತು.

ಇರಲಿ, ನಮ್ಮ ಎರಡು ರಾತ್ರಿಗೆ ಬರೋಣ. ಮುಂಚೆ ಹೋಗಿ ಉಳಿಯುವುದಕ್ಕೆ ಒಂದೇ ಒಂದು ಬುದ್ಧಿವಂತ ಕಾರಣವಿದೆ: ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ನಿಮ್ಮ ದುಡ್ಡು, ನಿಮ್ಮ ವೀಸಾ, ನಿಮ್ಮ ಹಣೆಬರಹ. ಅಂದರೆ ಆ ಎರಡು ದಿನ ಇರೋದೇ ಸುಮ್ನೆ ಕೂರುವುದಕ್ಕೆ. ಆದರೆ ಭಾವನ ಎಕ್ಸೆಲ್ ಹಾಳೆಯಲ್ಲಿ ಸುಮ್ನೆ ಕೂರುವುದಕ್ಕೆ ಕಾಲಮ್ಮೇ ಇರಲಿಲ್ಲ. ಅರಮನೆ, ವಾಟ್ ಫೊ, ವಾಟ್ ಅರುಣ್ ಅನ್ನುವ ಬೌದ್ಧ ದೇವಾಲಯಗಳು, ಚತುಚಕ್ ಸಂತೆ, ತೇಲುವ ಸಂತೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಚತುಚಕ್ ಮುಖ್ಯವಾಗಿ ಶನಿವಾರ ಭಾನುವಾರದ ಸಂತೆ. ನಾವು ಇಳಿದದ್ದು ಮಂಗಳವಾರ. ಅದಕ್ಕೆ ಅವರು ಹಸಿರು ಬಣ್ಣ ಕೊಟ್ಟಿದ್ದರು.

ಎಂಟು ತಿಂಗಳು ಮುಂಚೆ ಎಲ್ಲ ಸಿದ್ಧ ಮಾಡಿಟ್ಟ ಮನುಷ್ಯನನ್ನು ಅಲುಗಾಡಿಸಿದ್ದು ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡು. 2025ರ ಮೇ 1ರಿಂದ ಶುರುವಾದ ಈ ಅರ್ಜಿಯನ್ನು ಅಲ್ಲಿಗೆ ಹೋಗುವ ಮೂರು ದಿನದೊಳಗೆ ತುಂಬಬೇಕು, ಮುಂಚೆಯೇ ತುಂಬಿ ಕಪಾಟಿನಲ್ಲಿಟ್ಟುಕೊಳ್ಳುವಂತಿಲ್ಲ. ಸಿಂಗಾಪುರದ್ದೂ ಹಾಗೇ. ಎಂಟು ತಿಂಗಳ ತಯಾರಿಯಿಂದ ಕೊಬ್ಬಿದ್ದ ಭಾವ, ಕೊನೆಯ ಮೂರು ದಿನ ಓದದೇ ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ಆಗಿದ್ದರು. ರಾತ್ರಿ ಹನ್ನೆರಡಕ್ಕೆ ಫೋನು. "ಆಗಮನದ ಕಾರಣ ಏನಂತ ಬರೀಲಯ್ಯಾ?" ನನಗೂ ಆ ಪ್ರಶ್ನೆ ಇತ್ತು.

ಎರಡು ರಾತ್ರಿ ಅನ್ನುವುದೂ ಒಂದು ಥರ ಕರಪತ್ರದ ಮಾತೇ. ಮೊದಲ ದಿನ ಬೆಳಗಿನ ಜಾವ ಇಳಿದರೆ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ. ಅಲ್ಲಿವರೆಗೆ ನಾಲ್ಕು ಜನ, ಏಳು ಪೆಟ್ಟಿಗೆ, ಹೋಟೆಲಿನ ಸೋಫಾ. ಕೊನೆಯ ದಿನ ಬೆಳಿಗ್ಗೆ ಬಂದರಿಗೆ ಹೊರಡುವ ಗಡಿಬಿಡಿ. ನಡುವೆ ಉಳಿಯೋದು ಒಂದು ದಿನ. ಆ ಒಂದು ದಿನದ ಅರ್ಧವನ್ನು ಭಾವ ಡಾಮ್ನೋನ್ ಸದುಆಕ್ ಅನ್ನುವ ತೇಲುವ ಸಂತೆಗೆ ಕೊಟ್ಟರು. ಅದು ಊರಿನ ನೈರುತ್ಯಕ್ಕೆ ಸುಮಾರು 100 ಕಿಲೋಮೀಟರ್. ಬಂದರು ಆಗ್ನೇಯಕ್ಕೆ 120. ಊರು ನೋಡಲು ಬಂದವರು ಊರಿನಿಂದ ಎರಡೂ ದಿಕ್ಕಿಗೆ ಓಡಾಡಿ, ಮಲಗಲು ಮಾತ್ರ ಊರಿಗೆ ಬರುತ್ತಿದ್ದೆವು. ಇನ್ನೊಂದು ಮಜಾ ಅಂದರೆ, ನಾವು ಇಳಿದ ಸುವರ್ಣಭೂಮಿ ವಿಮಾನ ನಿಲ್ದಾಣ ಇರುವುದು ಊರಿನ ಪೂರ್ವಕ್ಕೆ, ಬಂದರಿಗೆ ಹೋಗುವ ದಿಕ್ಕಿನಲ್ಲೇ. ಇಳಿದವರು ಬಂದರಿನ ಕಡೆ ಬೆನ್ನು ಹಾಕಿ ಊರೊಳಗೆ ಹೋದೆವು, ಎರಡು ದಿನ ಬಿಟ್ಟು ಅದೇ ವಿಮಾನ ನಿಲ್ದಾಣದ ದಿಕ್ಕಿಗೇ ವಾಪಸ್ ಬಂದೆವು. ಅಕ್ಕ ವ್ಯಾನಿನ ಕಿಟಕಿಯಿಂದ ಆಕಾಶದಲ್ಲಿ ಇಳಿಯುತ್ತಿದ್ದ ವಿಮಾನ ನೋಡಿ, "ಇಲ್ಲೇ ಅಲ್ವೇನ್ರೀ ನಾವು ಇಳಿದಿದ್ದು?" ಅಂದಳು. ಭಾವ ಎಕ್ಸೆಲ್ ತೆರೆದು ಏನೋ ಹುಡುಕುತ್ತಿದ್ದರು.

ಅರಮನೆಯಲ್ಲಿ ಆದದ್ದನ್ನು ಚುಟುಕಾಗಿ ಹೇಳುತ್ತೇನೆ, ಭಾವ ಓದಿದರೆ ಕಷ್ಟ. ಮೊಣಕಾಲು ಮುಚ್ಚದ ಬಟ್ಟೆಗೆ ಒಳಗೆ ಬಿಡುವುದಿಲ್ಲ. ಭಾವ ಚಡ್ಡಿಯಲ್ಲಿದ್ದರು. ಆನೆ ಚಿತ್ರದ ಪ್ಯಾಂಟು ಹುಡುಕಿ, ಚೌಕಾಸಿ ಮಾಡಿ, ಹಾಕಿಕೊಂಡು ಬರುವಷ್ಟರಲ್ಲಿ ಮೂರೂವರೆ ದಾಟಿತ್ತು, ಟಿಕೆಟ್ ಕಿಟಕಿ ಮುಚ್ಚಿತ್ತು. ಹೊರಗಿನಿಂದ ಗೋಡೆ ನೋಡಿದೆವು. ಒಳ್ಳೇ ಬಿಳಿ ಗೋಡೆ. ಪಕ್ಕದ ವಾಟ್ ಫೊಗೆ ಓಡಿದೆವು. ಅಲ್ಲಿ 46 ಮೀಟರ್ ಉದ್ದಕ್ಕೆ ಬುದ್ಧ ಮಲಗಿದ್ದಾನೆ. ಇಡೀ ಪ್ರವಾಸದಲ್ಲಿ ಆರಾಮಾಗಿ ಕಂಡ ಮುಖ ಅದೊಂದೇ. ನದಿ ಆಚೆಯ ವಾಟ್ ಅರುಣ್‌ಗೆ ಹೊತ್ತು ಉಳಿಯಲಿಲ್ಲ, ದೋಣಿ ಕಟ್ಟೆಯಿಂದಲೇ ಕೈ ಮುಗಿದೆವು.

ಮೂರನೇ ದಿನ ಮಧ್ಯಾಹ್ನ ಲೇಮ್ ಚಬಾಂಗ್. ಕಣ್ಣು ಹಾಯಿಸಿದಲ್ಲೆಲ್ಲ ಕಂಟೇನರು, ಕ್ರೇನು, ಸಾಲುಗಟ್ಟಿ ನಿಂತ ಹೊಸ ಕಾರುಗಳು. ಪೆಟ್ಟಿಗೆ ಒಪ್ಪಿಸಿ, ಸಾಲಿನಲ್ಲಿ ನಿಂತು, ಫೋಟೋ ತೆಗೆಸಿಕೊಂಡು ಹಡಗು ಹತ್ತಿ, ಇನ್ನೇನು ಹೊರಡುತ್ತದೆ ಅಂತ ನಾಲ್ಕೂ ಜನ ಡೆಕ್ಕಿನ ಕಂಬಿ ಹಿಡಿದು ನಿಂತೆವು. ಒಂದು ಗಂಟೆ ನಿಂತೆವು. ಆಮೇಲೆ ಅಲ್ಲಿ ಓಡಾಡುತ್ತಿದ್ದ ಹುಡುಗನನ್ನು ಕೇಳಿದರೆ, ಹಡಗು ಈ ರಾತ್ರಿ ಇಲ್ಲೇ, ಹೊರಡುವುದು ನಾಳೆ ಸಂಜೆ ಅಂದ. ಪಟ್ಟಿಯಲ್ಲಿ ಅದನ್ನೂ ಬರೆದಿದ್ದರು, 'ಬ್ಯಾಂಕಾಕಿನಲ್ಲಿ ಒಂದು ರಾತ್ರಿ' ಅಂತ. ನಾವು ಅದು ಹೋಟೆಲಿನ ರಾತ್ರಿ ಅಂದುಕೊಂಡಿದ್ದೆವು.

ಅಷ್ಟರಲ್ಲಿ ಮೈಕಿನಲ್ಲಿ ಹೇಳಿದರು. ನಾಳೆ ಬೆಳಿಗ್ಗೆ ಏಳಕ್ಕೆ ಬಸ್ಸು, ಅರಮನೆ ಮತ್ತು ವಾಟ್ ಅರುಣ್ ತೋರಿಸಿ ಸಂಜೆಗೆ ವಾಪಸ್, ಆಸಕ್ತಿ ಇರುವವರು ಐದನೇ ಮಹಡಿಗೆ ಬನ್ನಿ. ನಾವು ಮೂವರೂ ಭಾವನ ಮುಖ ನೋಡಲಿಲ್ಲ, ಸಮುದ್ರ ನೋಡುತ್ತಾ ನಿಂತೆವು. ಹತ್ತು ನಿಮಿಷ ಬಿಟ್ಟು ತಿರುಗಿದರೆ ಭಾವ ಅಲ್ಲಿರಲಿಲ್ಲ. ಬಂದಾಗ ಕೈಯಲ್ಲಿ ನಾಲ್ಕು ಟಿಕೆಟ್ಟು, ಕೈಚೀಲದಿಂದ ಇಣುಕುತ್ತಿದ್ದ ಆನೆ ಪ್ಯಾಂಟು. ನಾನು ಒಂದು ಟಿಕೆಟ್ ತಗೊಂಡು ಬೆಳಕಿಗೆ ಹಿಡಿದು ಓದಿದೆ. 'ಬ್ಯಾಂಕಾಕ್' ಅಂತ ಅಚ್ಚಾಗಿತ್ತು. ತಿರುಗಿಸಿ ಹಿಂದೆಯೂ ನೋಡಿದೆ. ಬ್ರಾಕೆಟ್ ಇರಲಿಲ್ಲ.