ಪರ–ವಿರೋಧ: ನಮ್ಮ ಸೈಫೈ ಸಿನಿಮಾಕ್ಕೆ ಪುರಾಣ ಬೇಕಾ?

2024ರ ಜೂನ್ 27ರಂದು ಬಿಡುಗಡೆಯಾದ ‘ಕಲ್ಕಿ 2898 ಎಡಿ’ ಸಿನಿಮಾ ಕುರುಕ್ಷೇತ್ರದಲ್ಲಿ ಶುರುವಾಗಿ ಹಾರುವ ಗಾಡಿಗಳ ಕಾಲಕ್ಕೆ ಬರುತ್ತದೆ. ಈ ಬೆರಕೆ ಸರಿಯಾ? ಇಬ್ಬರು ಬರೆದಿದ್ದಾರೆ.

ಪರ: ಬೇಕು, ಬೇಕೇ ಬೇಕು

ನನ್ನ ವಾದ ಒಂದೇ. ಉತ್ತರೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟವನು ಅಶ್ವತ್ಥಾಮ. ಅದಕ್ಕೇ ಕೃಷ್ಣ ಅವನಿಗೆ ಸಾವೂ ಬಾರದೆ ನರಳುವ ಶಾಪ ಕೊಟ್ಟ. ನಿರ್ದೇಶಕ ನಾಗ್ ಅಶ್ವಿನ್ ಅದೇ ಮನುಷ್ಯನನ್ನು ಆರು ಸಾವಿರ ವರ್ಷ ಕಾಯಿಸಿ, ಇನ್ನೊಬ್ಬ ಬಸುರಿಯ ಕಾವಲಿಗೆ ನಿಲ್ಲಿಸುತ್ತಾರೆ. ಗರ್ಭಕ್ಕೆ ಗುರಿ ಇಟ್ಟವನೇ ಈಗ ಗರ್ಭ ಕಾಯಬೇಕು. ಇಂಥ ಪಾತ್ರವನ್ನು ಹೊಸದಾಗಿ ಹುಟ್ಟಿಸಿ ನೋಡೋಣ! ಹುಟ್ಟಿಸಿದರೂ ಅವನು ಯಾರು, ಯಾಕೆ ಹೀಗೆ ಎಂದು ಹೇಳುವಷ್ಟರಲ್ಲಿ ಇಂಟರ್‌ವಲ್ ಬಂದಿರುತ್ತದೆ. ಇಲ್ಲಿ ರಣಭೂಮಿಯಲ್ಲಿ ಕೆಲವೇ ನಿಮಿಷ. ಶಾಪ ಬಂತು, ಕಥೆ ಮುಂದೆ ಓಡಿತು. ಉಳಿದದ್ದು ನಮಗೆ ಮೊದಲೇ ಗೊತ್ತು.

ಹಾಲಿವುಡ್‌ನವರು ಥಾರ್‌ನನ್ನು ನಾರ್ಸ್ ಪುರಾಣದಿಂದ ಎತ್ತಿಕೊಂಡು ಅಂತರಿಕ್ಷಕ್ಕೆ ಕಳಿಸಿದಾಗ ಯಾರೂ ತಕರಾರು ಮಾಡಲಿಲ್ಲ. ನಾವು ಅಶ್ವತ್ಥಾಮನನ್ನು ತಂದ ತಕ್ಷಣ ‘ವಿಜ್ಞಾನ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಹೀಗೆ ಕೇಳುವವರು ಥಿಯೇಟರ್‌ಗೆ ಕ್ಯಾಲ್ಕುಲೇಟರ್ ಹಿಡಿದು ಬರುತ್ತಾರೇನೋ! ಗಾಡಿ ಹಾರಿದರೆ ಇಂಧನ ಯಾವುದು, ಕೋಲು ಬೀಸಿದರೆ ಅದರ ತೂಕ ಎಷ್ಟು. ಅವರಿಗೆ ಪಠ್ಯಪುಸ್ತಕ ಕೊಟ್ಟು ಮನೆಗೆ ಕಳಿಸಿದರೆ ಸಾಕು.

ನಾನು ಈ ಸಿನಿಮಾ ನೋಡಿದ್ದು ಶಿವಮೊಗ್ಗದಲ್ಲಿ, ಸೋದರಮಾವನ ಜೊತೆ. ಮಾವನಿಗೆ ಯಕ್ಷಗಾನ ಬಿಟ್ಟರೆ ಬೇರೆ ಲೋಕ ಇಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ, ಮನೆಯಲ್ಲಿ ಕೂತು ಬೇಜಾರಾಗಿತ್ತು, ಅದಕ್ಕೇ ಬಂದರು. ಕಾಶಿಯ ಬೀದಿ, ಬಂದೂಕು, ಪ್ರಭಾಸ್ ಹೊಡೆದಾಟ ಬರುವಷ್ಟರಲ್ಲಿ ಅವರಿಗೆ ತೂಕಡಿಕೆ. ಮಾತಾಡುವ ಗಾಡಿ ಬುಜ್ಜಿ ಬಂದಾಗ ಮಾತ್ರ ಒಮ್ಮೆ ಕಣ್ಣು ಬಿಟ್ಟು, ‘ಯಾವ ಹುಡುಗಿ ಮಾತಾಡ್ತಿರೋದು?’ ಎಂದರು. ಕೀರ್ತಿ ಸುರೇಶ್ ಎಂದೆ. ಮತ್ತೆ ಕಣ್ಣು ಮುಚ್ಚಿದರು.

ಮೈಗೆಲ್ಲ ಬಟ್ಟೆ ಸುತ್ತಿಕೊಂಡ ಆ ಎತ್ತರದ ಮುದುಕ ಎದ್ದು ನಿಂತ ನೋಡಿ, ಮಾವ ಸೀಟಿನ ತುದಿಗೆ ಬಂದರು. ‘ಇದೇನು, ಅಶ್ವತ್ಥಾಮನಿಗೆ ಕಿರೀಟವೂ ಇಲ್ಲ, ಬಣ್ಣವೂ ಇಲ್ಲ’ ಎಂದು ಮೊದಲು ಗೊಣಗಿದರು. ಆಮೇಲೆ ತಾವೇ ಅರ್ಥ ಹೇಳಲು ಶುರು ಮಾಡಿದರು, ಅದೂ ಗಟ್ಟಿಯಾಗಿ. ರಾತ್ರಿ ಮಲಗಿದ್ದ ಉಪಪಾಂಡವರನ್ನು ಕೊಂದದ್ದು, ಹಣೆಯ ಮಣಿ ಹೋದದ್ದು, ಎಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿ ‘ಅಜ್ಜ, ಸ್ವಲ್ಪ ಮೆಲ್ಲಗೆ’ ಎಂದ. ಇಂಟರ್‌ವಲ್‌ನಲ್ಲಿ ಅದೇ ಹುಡುಗ ಪಾಪ್‌ಕಾರ್ನ್ ಹಿಡಿದುಕೊಂಡು ಬಂದು, ‘ಅಜ್ಜ, ಮಣಿ ಕಿತ್ತವರು ಯಾರು?’ ಎಂದು ಕೇಳಿದ. ಅವನ ಗೆಳೆಯರೂ ಬಂದರು. ಮಾವನಿಗೆ ಅಷ್ಟೇ ಸಾಕಾಗಿತ್ತು. ಸಿನಿಮಾ ಮತ್ತೆ ಶುರುವಾದರೂ ಭೀಮ, ಅರ್ಜುನರ ಪಾಲು ಮುಗಿದಿರಲಿಲ್ಲ. ಆ ಬಸುರಿಯ ಪಾತ್ರದ ದೀಪಿಕಾ ಪಡುಕೋಣೆ ತಪ್ಪಿಸಿಕೊಂಡು ಓಡುವ ಮುಖ್ಯ ಭಾಗ ನನಗೆ ಅರ್ಧ ಕೇಳಿಸಲೇ ಇಲ್ಲ. ಪಾಪ್‌ಕಾರ್ನ್ ಬೆಲೆ ಕೇಳಿ ಮಾವ ಬೈದದ್ದು ಬೇರೆ ಕಥೆ.

ರೋಬೋ, ಅನ್ಯಗ್ರಹದವರು ಮಾತ್ರ ಇರುವ ಸಿನಿಮಾಕ್ಕೆ ಮಾವ ಬರುತ್ತಿದ್ದರಾ? ಬಂದರೂ ಆ ಹುಡುಗರು ಅವರ ಹತ್ತಿರ ಏನು ಕೇಳುತ್ತಿದ್ದರು? 81ರ ಅಮಿತಾಭ್ ಬಚ್ಚನ್ ಆ ಪಾತ್ರದಲ್ಲಿ ಪ್ರಭಾಸ್‌ಗಿಂತ ದೊಡ್ಡದಾಗಿ ಕಂಡರು. ಅದಕ್ಕೆ ಗ್ರಾಫಿಕ್ಸ್ ಮಾತ್ರ ಕಾರಣ ಅಲ್ಲ. ಗರ್ಭಕ್ಕೆ ಗುರಿ ಇಟ್ಟವನು ಗರ್ಭ ಕಾಯುತ್ತಿದ್ದಾನೆ ಎಂಬುದು ನೋಡುವವರ ತಲೆಯಲ್ಲಿ ಇತ್ತು. ಸಾವಿರ ಕೋಟಿ ದಾಟಿತು ಎಂದು ನಿರ್ಮಾಪಕರು ಪೋಸ್ಟರ್ ಹಾಕಿದರು. ಜನ ಸುಮ್ನೆ ಬರಲಿಲ್ಲ.

ವಿರೋಧ: ಬೇಡ ಅಂತಲೇ ಇಟ್ಟುಕೊಳ್ಳಿ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ. ಚಹಾ ಕುಡಿಯುವಾಗ ನಾನು ಸ್ವಲ್ಪ ಗೊಣಗಿದ್ದೆ, ಆ ತಪ್ಪಿಗೆ ಸಂಪಾದಕರು ನನಗೇ ಒಪ್ಪಿಸಿದರು. ಸಿನಿಮಾ ನನಗೆ ಬೇಜಾರಾಗಲಿಲ್ಲ. ಬುಜ್ಜಿ ಚೆನ್ನಾಗಿದೆ. ಮುಂದೆ ಎರಡು ಚಕ್ರ, ಹಿಂದೆ ದುಂಡನೆಯದೊಂದು, ಸುಮಾರು ಆರು ಟನ್ ತೂಕ. ಕೊಯಮತ್ತೂರಿನಲ್ಲಿ ನಿಜವಾಗಿ ಕಟ್ಟಿ ಓಡಿಸಿದರು. ಅದಕ್ಕೆ ನನ್ನ ವಿರೋಧ ಇಲ್ಲ.

ಮೊದಲು ಲೆಕ್ಕ. ಸಂಪ್ರದಾಯದ ಪ್ರಕಾರ ಕಲಿಯುಗ ಶುರುವಾದದ್ದು ಕ್ರಿಸ್ತಪೂರ್ವ 3102ರಲ್ಲಿ. ಅದಕ್ಕೆ 2898 ಕೂಡಿಸಿದರೆ ಆರು ಸಾವಿರ. ಸರಿ, ಹೆಸರಿನ ಲೆಕ್ಕ ಕೂಡಿತು. ಆದರೆ ಪುರಾಣದಲ್ಲಿ ಕಲಿಯುಗ 4,32,000 ವರ್ಷ, ಕಲ್ಕಿ ಬರುವುದು ಅದರ ಕೊನೆಯಲ್ಲಿ. ಇನ್ನು ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನ ಶಾಪ ಮೂರು ಸಾವಿರ ವರ್ಷದ್ದು. ಆ ಪ್ರಕಾರ 2898ರ ಹೊತ್ತಿಗೆ ಅವನ ಶಿಕ್ಷೆ ಮುಗಿದೇ ಮೂರು ಸಾವಿರ ವರ್ಷ! ಪುರಾಣ ಬೇಕು ಎನ್ನುವವರು ಪುರಾಣವನ್ನಾದರೂ ಸರಿಯಾಗಿ ಇಟ್ಟುಕೊಳ್ಳಬೇಕು, ಅಲ್ವಾ? (ಇದು ಸ್ವಲ್ಪ ಕೊಂಕು ಮಾತು, ಗೊತ್ತು.)

ನನಗೆ ನಿಜವಾಗಿ ಕಾಡಿದ್ದು ಬೇರೆ. ಚಿತ್ರದಲ್ಲಿ ಆಳುವವರು ಇರುವ, ಕಾಂಪ್ಲೆಕ್ಸ್ ಎಂಬ ಆ ತಲೆಕೆಳಗಾದ ಪಿರಮಿಡ್‌ನಲ್ಲಿ ಹೆಣ್ಣುಮಕ್ಕಳನ್ನು ಪ್ರಯೋಗಾಲಯದಲ್ಲಿ ಬಸುರಿಯಾಗಿಸಿ, ಅವರಿಂದ ಒಂದು ಸೀರಮ್ ತೆಗೆಯುತ್ತಾರೆ. ಅಲ್ಲಿನ ಒಡೆಯ, ಕಮಲ್ ಹಾಸನ್‌ರ ಯಾಸ್ಕಿನ್ ಆ ಸೀರಮ್‌ಗಾಗಿ ಕಾಯುತ್ತಾ ಒಣಗಿ ಕೂತಿದ್ದಾನೆ. ಇಡೀ ಚಿತ್ರದಲ್ಲಿ ಭಯ ಹುಟ್ಟಿಸುವ ಸಂಗತಿ ಇದು. ಈ ಹುಡುಗಿಯರು ಯಾರು, ಅವರ ಮನೆಯವರು ಯಾರು, ಇದನ್ನು ನಡೆಸುವ ಡಾಕ್ಟರ್‌ಗಳಿಗೆ ರಾತ್ರಿ ನಿದ್ದೆ ಬರುತ್ತದಾ? ಯಾವುದನ್ನೂ ಕೇಳುವುದಿಲ್ಲ. ದೀಪಿಕಾ ಪಾತ್ರದ ಹೊಟ್ಟೆಯಲ್ಲಿರುವುದು ದೇವರು ಎಂದು ಗೊತ್ತಾದ ಮೇಲೆ ಉಳಿದ ಹೆಂಗಸರ ನೆನಪು ಯಾರಿಗೂ ಇಲ್ಲ.

ಹಾಲಿವುಡ್‌ನ ಸೈಫೈ ‘ಡ್ಯೂನ್’ ಚಿತ್ರಗಳಲ್ಲೂ ಭವಿಷ್ಯವಾಣಿ ಇದೆ, ಉದ್ಧಾರಕ ಇದ್ದಾನೆ. 2024ರ ಎರಡನೇ ಭಾಗದಲ್ಲಂತೂ ಅದೇ ಕಥೆ. ಆದರೆ ಅಲ್ಲಿ ಆ ಭವಿಷ್ಯವಾಣಿಯನ್ನು ಬಿತ್ತಿದ್ದೇ ಒಂದು ಗುಂಪು, ಜನರನ್ನು ಹಿಡಿತದಲ್ಲಿಡಲು. ನಾಯಕ ಗೆದ್ದಾಗ ಅವನನ್ನು ಪ್ರೀತಿಸಿದ ಹುಡುಗಿಯೇ ಎದ್ದು ಹೋಗುತ್ತಾಳೆ. ಇಲ್ಲಿ ಭವಿಷ್ಯವಾಣಿ ನಿಜ, ಅಷ್ಟೇ. ಅಶ್ವತ್ಥಾಮನ ಪ್ರಾಯಶ್ಚಿತ್ತ ಮುಟ್ಟುತ್ತದೆ ಎನ್ನುತ್ತಾರೆ. ಇರಬಹುದು. ಮೂರು ಗಂಟೆ ಕೂತರೂ ಅದು ಮುಗಿಯಲಿಲ್ಲವಲ್ಲ!

ಇನ್ನು ಎರಡನೇ ಭಾಗ. ಅದರಲ್ಲಿ ದೀಪಿಕಾ ಇರುವುದಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ನಿರ್ಮಾಣ ಸಂಸ್ಥೆಯೇ ತಿಳಿಸಿದೆ. ಕಾವಲುಗಾರ ಇದ್ದಾನೆ, ಕಾಯಬೇಕಾದವಳ ಪಾತ್ರಕ್ಕೆ ಯಾರನ್ನು ತರುತ್ತಾರೋ ನೋಡಬೇಕು.